ಬಡಕುಟುಂಬಗಳ ಗೃಹನಿರ್ಮಾಣ ಮತ್ತು ಗ್ರಾಮಮುಖ್ಯರ ಹೊಣೆ

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯ ಅರ್ಥವನ್ನು ಉಳ್ಳವರಿಗಿಂತಲೂ ಇಲ್ಲದವರೇ ಚೆನ್ನಾಗಿ ಬಲ್ಲರು. ಸರಕಾರದಿಂದ ಮನೆ ಮಂಜೂರಾಯಿತೆಂಬ ಸಂತೋಷದಲ್ಲಿ ಹಳೆಯ ಗುಡಿಸಲನ್ನು ಕಿತ್ತುಹಾಕಿ, ತಳಪಾಯ ತೋಡಿ, ಗೋಡೆಯನ್ನು ಕಿಟಕಿಯ ಮಟ್ಟದವರೆಗೆ ಎಬ್ಬಿಸಿ, ಅಷ್ಟರಲ್ಲಿ ಕೈಬರಿದಾಗಿ ನಿಂತುಹೋದ ಕುಟುಂಬಗಳು ಅನೇಕ ಗ್ರಾಮಗಳ ಅಂಚಿನಲ್ಲಿ ಕಾಣಬರುತ್ತವೆ. ಮಳೆಗಾಲ ಬಂದಿತೆಂದರೆ ಇಂಥವರಿಗೆ ಗುಡಿಸಲೂ ಇಲ್ಲ, ಮನೆಯೂ ಇಲ್ಲ. ಗೋಡೆಗೆ ತಾಡಪಾಲು ಇಳಿಬಿಟ್ಟು ಅದರ ಕೆಳಗೆ ಒಲೆಯನ್ನೂ ಮಕ್ಕಳನ್ನೂ ಕಾಪಾಡಿಕೊಳ್ಳುವುದೇ ಅವರ ಪಾಡಾಗುತ್ತದೆ. ಹಣವು ಮಂಜೂರಾಗಿಯೂ ಹೀಗಾಗುವುದೇಕೆ ಎಂಬುದನ್ನು ವಿಚಾರಿಸುವುದು ಗ್ರಾಮದ ಹಿರಿಯರಾದವರ ಕರ್ತವ್ಯವಾಗಿರುತ್ತದೆ.

ಕೃಷಿಯನ್ನು ಕುರಿತ ಪತ್ರಿಕೆಯಲ್ಲಿ ಮನೆಯ ಮಾತೇಕೆಂದು ಕೆಲವರು ಕೇಳಬಹುದು. ಬಿತ್ತನೆ, ಕಳೆ, ಕೊಯ್ಲು ಇವುಗಳೆಲ್ಲವೂ ಯಾರ ಕೈಯಿಂದ ನಡೆಯುವುವೋ ಆ ಕೂಲಿಗಾರನ ಕುಟುಂಬವು ಸೋರುವ ಸೂರಿನ ಕೆಳಗೆ ರಾತ್ರಿ ಕಳೆದು, ಜ್ವರ ಕೆಮ್ಮುಗಳಿಂದ ನರಳಿ, ಕೊನೆಗೆ ಊರನ್ನೇ ಬಿಟ್ಟು ಪಟ್ಟಣಕ್ಕೆ ಗುಳೆ ಹೋದರೆ ನಷ್ಟವು ಆ ಕುಟುಂಬಕ್ಕೆ ಮಾತ್ರವಲ್ಲ, ಬೇಸಾಯಕ್ಕೂ ಆಗುವುದು. ಸ್ವಂತ ಸೂರುಳ್ಳ ಕೂಲಿಗಾರನು ಊರಿನಲ್ಲಿ ನೆಲೆನಿಲ್ಲುತ್ತಾನೆ. ಒಂದು ಹಸುವನ್ನೋ ಎರಡು ಆಡುಗಳನ್ನೋ ಕಟ್ಟುತ್ತಾನೆ. ಮಕ್ಕಳನ್ನು ಶಾಲೆಗೆ ಕಳುಹಿಸುತ್ತಾನೆ. ಆದ್ದರಿಂದ ಈ ವಿಷಯವು ಜಮೀನುದಾರರಿಗೂ ಹೊರಗಿನದಲ್ಲ.

ಪೂರ್ವವೃತ್ತಾಂತ

ಸ್ವಾತಂತ್ರ್ಯಾನಂತರ 1957ರಲ್ಲಿ ಕೇಂದ್ರ ಸರಕಾರದವರು ಗ್ರಾಮಗಳ ಗೃಹನಿರ್ಮಾಣಕ್ಕಾಗಿ ಸಾಲ ಕೊಡುವ ಏರ್ಪಾಡನ್ನು ಆರಂಭಿಸಿದರು. ಆದರೆ ಸಾಲಕ್ಕೆ ಆಧಾರವಾಗಿ ತೋರಿಸಲು ಏನೂ ಇಲ್ಲದ ಕೂಲಿಗಾರನಿಗೆ ಅದು ಎಟುಕುವಂತಿರಲಿಲ್ಲ. ಕರ್ನಾಟಕದಲ್ಲಿ 1972ರಲ್ಲಿ ದೇವರಾಜ ಅರಸರು ಮುಖ್ಯಮಂತ್ರಿಗಳಾದ ಮೇಲೆ ನಿವೇಶನವಿಲ್ಲದವರಿಗೆ ನಿವೇಶನ ಹಂಚುವ ಕಾರ್ಯವೂ ಜನತಾ ಮನೆಗಳ ನಿರ್ಮಾಣವೂ ವಿಸ್ತಾರವಾಗಿ ನಡೆದುವು. 1985ರಲ್ಲಿ ಇಂದಿರಾ ಆವಾಸ ಯೋಜನೆಯು ಹುಟ್ಟಿತು. ಅದು ಮೊದಲು ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗದವರಿಗೂ ಜೀತದಿಂದ ಬಿಡುಗಡೆ ಹೊಂದಿದವರಿಗೂ ಮೀಸಲಾಗಿದ್ದು, 1993-94ರಿಂದ ಇತರ ಬಡವರಿಗೂ ವಿಸ್ತರಿಸಲ್ಪಟ್ಟು, 1996ರ ಜನವರಿಯಿಂದ ಸ್ವತಂತ್ರ ಯೋಜನೆಯಾಗಿ ನಡೆಯಿತು. ಕರ್ನಾಟಕ ಸರಕಾರವು ತನ್ನದೇ ಆದ ಆಶ್ರಯ ಯೋಜನೆಯನ್ನು 1991-92ರಲ್ಲಿ ಜಾರಿಗೆ ತಂದು, 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮವನ್ನು ಸ್ಥಾಪಿಸಿತು. 2016ರಲ್ಲಿ ಇಂದಿರಾ ಆವಾಸ ಯೋಜನೆಯು ಪುನರ್ರಚಿತವಾಗಿ ಪ್ರಧಾನ ಮಂತ್ರಿ ಆವಾಸ ಯೋಜನೆಯ ಗ್ರಾಮೀಣ ವಿಭಾಗವೆಂಬ ಹೆಸರನ್ನು ಪಡೆಯಿತು. ಇದರಲ್ಲಿ 2024-25ರಿಂದ 2028-29ರವರೆಗೆ ದೇಶದಲ್ಲಿ ಇನ್ನೂ 2 ಕೋಟಿ ಮನೆಗಳನ್ನು ಕಟ್ಟಿಸಲು ಕೇಂದ್ರ ಮಂತ್ರಿಮಂಡಲವು 2024ರ ಆಗಸ್ಟಿನಲ್ಲಿ ಒಪ್ಪಿಗೆಯಿತ್ತಿರುತ್ತದೆ.

ಈ ಯೋಜನೆಗಳ ಇತಿಹಾಸದಿಂದ ಒಂದು ಪಾಠವು ಸ್ಪಷ್ಟವಾಗುತ್ತದೆ. ಗುತ್ತಿಗೆದಾರನು ಸಾಲಾಗಿ ಕಟ್ಟಿ ಒಪ್ಪಿಸಿದ ಮನೆಗಿಂತಲೂ ಕುಟುಂಬವು ತಾನೇ ನಿಂತು ಕಟ್ಟಿಸಿಕೊಂಡ ಮನೆಯು ಹೆಚ್ಚು ಬಾಳಿಕೆ ಬರುವುದು. ಆದ ಕಾರಣ ಈಗಿನ ನಿಯಮಗಳಲ್ಲಿ ಗುತ್ತಿಗೆದಾರರಿಗೆ ಅವಕಾಶವಿಲ್ಲ. ಹಣವು ನೇರವಾಗಿ ಫಲಾನುಭವಿಯ ಬ್ಯಾಂಕಿನ ಖಾತೆಗೆ ಸೇರುತ್ತದೆ. ಕಟ್ಟುವ ಹೊಣೆಯು ಅಕ್ಷರವರಿಯದ ಬಡವನ ತಲೆಯ ಮೇಲೆ ಬಂದಿರುವುದರಿಂದಲೇ ಅವನ ಬೆನ್ನಿಗೆ ಗ್ರಾಮವು ನಿಲ್ಲಬೇಕಾದ ಅಗತ್ಯವೂ ಬಂದಿರುತ್ತದೆ.

ಧನಸಹಾಯದ ಲೆಕ್ಕ

ಕೇಂದ್ರದ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಯೊಂದಕ್ಕೆ 1,20,000 ರೂಪಾಯಿಗಳೂ ಗುಡ್ಡಗಾಡು ರಾಜ್ಯಗಳಲ್ಲಿಯೂ ದುರ್ಗಮ ಪ್ರದೇಶಗಳಲ್ಲಿಯೂ 1,30,000 ರೂಪಾಯಿಗಳೂ ಗೊತ್ತಾಗಿರುತ್ತವೆ. ಕರ್ನಾಟಕದಂತಹ ರಾಜ್ಯಗಳಲ್ಲಿ ಇದರ 100 ಪಾಲುಗಳಲ್ಲಿ 60 ಪಾಲು ಕೇಂದ್ರದ್ದು, 40 ಪಾಲು ರಾಜ್ಯದ್ದು. ಇದಲ್ಲದೆ 2016ರ ನಿಯಮಗಳ ಪ್ರಕಾರ ಶೌಚಗೃಹಕ್ಕೆ 12,000 ರೂಪಾಯಿಗಳನ್ನು ಬೇರೆಯಾಗಿಯೂ, ಬಯಲು ಸೀಮೆಯಲ್ಲಿ 90 ದಿನಗಳ ಕೂಲಿಯನ್ನು ಉದ್ಯೋಗ ಖಾತರಿಯ ಬಾಬಿನಿಂದಲೂ ಕೊಡಿಸುವ ಏರ್ಪಾಡಾಯಿತು. ಮನೆಯ ವಿಸ್ತೀರ್ಣವು ಅಡುಗೆಯ ಸ್ಥಳವೂ ಸೇರಿ 25 ಚದರ ಮೀಟರಿಗೆ, ಅಂದರೆ ಸುಮಾರು 270 ಚದರ ಅಡಿಗೆ, ಕಡಿಮೆಯಿರಕೂಡದು.

ಈ ಅಂಕಿಗಳನ್ನು ಭಾಗಿಸಿ ನೋಡಿದರೆ ಸಂಗತಿಯು ತಿಳಿಯುವುದು. 1,20,000 ರೂಪಾಯಿಗಳನ್ನು 270 ಚದರ ಅಡಿಗೆ ಹಂಚಿದಲ್ಲಿ ಚದರ ಅಡಿಗೆ ಸುಮಾರು 445 ರೂಪಾಯಿ ಬೀಳುತ್ತದೆ. ಅದೇ ಹಣದಲ್ಲಿ 400 ಚದರ ಅಡಿಯ ತಳಪಾಯವನ್ನು ಹಾಕಿದರೆ ಚದರ ಅಡಿಗೆ ಉಳಿಯುವುದು 300 ರೂಪಾಯಿ ಮಾತ್ರ. 2016ರಿಂದ ಈಚೆಗೆ ಸಿಮೆಂಟು, ಕಬ್ಬಿಣ, ಮರಳು, ಗಾರೆಯವರ ಕೂಲಿ ಇವುಗಳೆಲ್ಲ ಏರಿದ್ದರೂ ಸಹಾಯದ ಮೊಬಲಗು ಏರಿಲ್ಲ. ಹೀಗಿರಲಾಗಿ, “ಒಂದೇ ಸಾರಿ ಕಟ್ಟುವುದು, ಎರಡು ಅಂಕಣ ಹೆಚ್ಚೇ ಇರಲಿ” ಎಂದು ದೊಡ್ಡದಾಗಿ ತೊಡಗಿದವರ ಗೋಡೆಗಳೇ ಸಾಮಾನ್ಯವಾಗಿ ಅರ್ಧಕ್ಕೆ ನಿಲ್ಲುವುವು. ಮೊದಲು ಚಿಕ್ಕದಾಗಿ ಮುಗಿಸಿ, ಮುಂದೆ ಅನುಕೂಲವಾದಾಗ ಒಂದು ಪಕ್ಕಕ್ಕೆ ಬೆಳೆಸಲು ಸ್ಥಳ ಬಿಟ್ಟುಕೊಳ್ಳುವಂತೆ ಹಿರಿಯರು ಬುದ್ಧಿ ಹೇಳುವುದು ಲೇಸು.

ಪಟ್ಟಿಯ ಶುದ್ಧತೆ

ಯೋಜನೆಯ ಮೊದಲ ತಳಪಾಯವು ಕಲ್ಲಿನದಲ್ಲ, ಪಟ್ಟಿಯದು. 2011ರ ಸಾಮಾಜಿಕ ಆರ್ಥಿಕ ಜಾತಿ ಗಣತಿಯಿಂದಲೂ ಅನಂತರದ ಸಮೀಕ್ಷೆಗಳಿಂದಲೂ ತಯಾರಾದ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ, ಪರಿಶೀಲಿಸಿ, ನಿಶ್ಚಯಿಸತಕ್ಕದ್ದೆಂದು ನಿಯಮವಿದೆ. ಸೂರೇ ಇಲ್ಲದವರು, ಭಿಕ್ಷೆಯಿಂದ ಬದುಕುವವರು, ಮಲಹೊರುವ ವೃತ್ತಿಯಲ್ಲಿದ್ದವರು, ಜೀತದಿಂದ ಬಿಡುಗಡೆಯಾದವರು, ಅತಿ ಹಿಂದುಳಿದ ಬುಡಕಟ್ಟಿನವರು ಇವರಿಗೆ ಮೊದಲ ಸ್ಥಾನ. ಅನಂತರ ಕಚ್ಚಾ ಗೋಡೆ, ಕಚ್ಚಾ ಚಾವಣಿಯ ಒಂದೆರಡು ಕೋಣೆಗಳಲ್ಲಿ ವಾಸಿಸುವವರ ಸರದಿ. 2024ರಲ್ಲಿ ಸಡಿಲಿಸಲ್ಪಟ್ಟ ನಿಯಮಗಳಂತೆ ದ್ವಿಚಕ್ರ ವಾಹನವಿರುವುದು ಈಗ ಅನರ್ಹತೆಯಲ್ಲ. ಆದರೆ ಮೂರು ಅಥವಾ ನಾಲ್ಕು ಚಕ್ರದ ವಾಹನವುಳ್ಳವರು, ಸರಕಾರಿ ನೌಕರಿಯವರಿರುವ ಕುಟುಂಬದವರು, ತಿಂಗಳಿಗೆ 15,000 ರೂಪಾಯಿಗಳಿಗೆ ಮೀರಿ ಗಳಿಸುವವರಿರುವ ಮನೆಯವರು, ಎರಡೂವರೆ ಎಕರೆ ಅಥವಾ ಅದಕ್ಕೆ ಹೆಚ್ಚು ನೀರಾವರಿ ಜಮೀನು ಅಥವಾ ಐದು ಎಕರೆ ಅಥವಾ ಅದಕ್ಕೆ ಹೆಚ್ಚು ಖುಷ್ಕಿ ಜಮೀನು ಉಳ್ಳವರು ಅರ್ಹರಲ್ಲ.

ನಿಯಮವು ಎಷ್ಟು ಸ್ಪಷ್ಟವಾಗಿದ್ದರೂ ಗ್ರಾಮಸಭೆಯು ಹೆಸರಿಗೆ ಮಾತ್ರ ಸೇರಿ, ನಾಲ್ಕು ಮಂದಿ ಕುಳಿತು ಬರೆದ ಪಟ್ಟಿಗೆ ಉಳಿದವರು ಹೆಬ್ಬೆಟ್ಟು ಒತ್ತಿದರೆ ಆ ನಿಯಮದಿಂದ ಪ್ರಯೋಜನವೇನು? ಸಭೆಯನ್ನು ಕೂಲಿಗೆ ಹೋಗುವ ಹೊತ್ತಿನಲ್ಲಿ ಕರೆಯಬಾರದು. ಬಿತ್ತನೆ ಕೊಯ್ಲುಗಳ ದಿನಗಳನ್ನು ಬಿಟ್ಟು, ಕೇರಿ ತಾಂಡಾಗಳಲ್ಲಿ ಮುಂಚಿತವಾಗಿ ಡಂಗುರ ಹಾಕಿಸಿ, ಸಂಜೆಯ ಹೊತ್ತು ಕರೆಯುವುದು ಉತ್ತಮ. ಪ್ರತಿಯೊಂದು ಹೆಸರನ್ನೂ ಗಟ್ಟಿಯಾಗಿ ಓದಬೇಕು. ಬಿಟ್ಟುಹೋದ ಹೆಸರಿಗೆ ಕಾರಣವನ್ನು ಹೇಳಬೇಕು. ವಿಧವೆಯರು, ಅಂಗವಿಕಲರು, ಮಕ್ಕಳಿಲ್ಲದ ಮುದುಕರು ಸಭೆಗೆ ಬಂದು ಮಾತನಾಡುವುದು ವಿರಳ. ಅವರ ಪರವಾಗಿ ನೆರೆಯವರನ್ನು ಕೇಳತಕ್ಕದ್ದು. ತಮಗೆ ಅನ್ಯಾಯವಾಯಿತೆಂದು ತಿಳಿದವರು ಮೇಲ್ಮನವಿ ಸಮಿತಿಗೆ ಅರ್ಜಿ ಕೊಡಬಹುದೆಂಬ ಸಂಗತಿಯನ್ನು ಸಭೆಯಲ್ಲಿಯೇ ತಿಳಿಸಬೇಕು. ತನ್ನ ನಂಟನ ಹೆಸರನ್ನು ತಾನೇ ಪಟ್ಟಿಯಿಂದ ತೆಗೆಸಿದ ಮುಖಂಡನ ಮಾತಿಗೆ ಆ ಊರಿನಲ್ಲಿ ಮುಂದೆ ಎದುರಾಡುವವರಿರುವುದಿಲ್ಲ.

ಮನೆಯನ್ನು ಹೆಂಡತಿಯ ಹೆಸರಿನಲ್ಲಾಗಲಿ ದಂಪತಿಗಳ ಜಂಟಿ ಹೆಸರಿನಲ್ಲಾಗಲಿ ಮಂಜೂರು ಮಾಡುವ ಪದ್ಧತಿಯಿದೆ. ಇದು ವ್ಯರ್ಥವಾದ ನಿಯಮವಲ್ಲ. ಕುಡಿತಕ್ಕೋ ಕೈಸಾಲಕ್ಕೋ ಮನೆಯು ಕೈಬಿಟ್ಟುಹೋಗದಂತೆ ಮಕ್ಕಳಿಗೆ ಇದು ಬಲವಾದ ಬೇಲಿಯಾಗಿರುತ್ತದೆ.

ನಿವೇಶನದ ಪ್ರಶ್ನೆ

ಹಣವಿದ್ದು ನೆಲವಿಲ್ಲದಿದ್ದರೆ ಮನೆಯನ್ನು ಎಲ್ಲಿ ಕಟ್ಟುವುದು? ಅತ್ಯಂತ ಬಡವನು ಪಟ್ಟಿಯಲ್ಲಿದ್ದೂ ಮನೆಯಿಲ್ಲದೆ ಉಳಿಯುವುದಕ್ಕೆ ಇದೇ ಮುಖ್ಯ ಕಾರಣ. ಆತನ ಗುಡಿಸಲು ಗೋಮಾಳದಲ್ಲೋ ಕೆರೆಯಂಗಳದಲ್ಲೋ ಜಮೀನುದಾರನ ಹೊಲದ ಮೂಲೆಯಲ್ಲೋ ಇರುತ್ತದೆ. ಹಕ್ಕುಪತ್ರವಿಲ್ಲದೆ ಮಂಜೂರಾತಿಯು ಮುಂದುವರಿಯುವುದಿಲ್ಲ.

1961ರ ಭೂಸುಧಾರಣಾ ಕಾಯಿದೆಯ 38ನೆಯ ಪ್ರಕರಣವು ಪರರ ಭೂಮಿಯಲ್ಲಿ ವಾಸಿಸುವ ಕೃಷಿಕಾರ್ಮಿಕನ ಮನೆಯ ಹಕ್ಕನ್ನೇ ಕುರಿತದ್ದು. ತಾಂಡಾ, ಹಟ್ಟಿ, ಹಾಡಿ ಮುಂತಾದ ದಾಖಲೆಯಿಲ್ಲದ ಜನವಸತಿಗಳಿಗೆ ಅನ್ವಯಿಸುವಂತೆ ಆ ಕಾಯಿದೆಗೆ ಮುಂದೆ 38ಎ ಪ್ರಕರಣವನ್ನೂ ಸೇರಿಸಲಾಯಿತು. 2023ರ ಜನವರಿ 19ರಂದು ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ, ಮುಖ್ಯವಾಗಿ ತಾಂಡಾಗಳ ಲಂಬಾಣಿ ಜನರಿಗೆ, ಹಕ್ಕುಪತ್ರಗಳನ್ನು ಹಂಚಲಾಯಿತು. ತಲೆಮಾರುಗಳಿಂದ ವಾಸವಾಗಿದ್ದ ನೆಲಕ್ಕೆ ಕಾಗದವಿಲ್ಲದೆ ಎಷ್ಟು ಜನರು ಬದುಕಿದ್ದರೆಂಬುದು ಇದರಿಂದ ತಿಳಿಯುತ್ತದೆ.

ಜಮೀನುದಾರರು ಇಲ್ಲಿ ದೊಡ್ಡ ಮನಸ್ಸು ಮಾಡಬೇಕಾಗಿರುವುದು. ಊರಿಗೆ ಹೊಂದಿದ, ಉಳುಮೆಗೆ ಅಷ್ಟಾಗಿ ಒದಗದ ಒಂದೆರಡು ಎಕರೆ ಮೊರಡಿ ಭೂಮಿಯನ್ನು ನ್ಯಾಯವಾದ ಬೆಲೆಗೆ ಸರಕಾರಕ್ಕೆ ಬಿಟ್ಟುಕೊಟ್ಟರೆ ಹತ್ತಾರು ಕುಟುಂಬಗಳು ನೆಲೆಗೊಳ್ಳುವುವು. ಹಳ್ಳದ ಪಾತ್ರವನ್ನೂ ಕೆರೆಯ ಹಿನ್ನೀರಿನ ತಗ್ಗನ್ನೂ ಬಡವರ ಪಾಲಿಗೆ ತೋರಿಸುವುದು ಕೊಟ್ಟಂತೆ ಮಾಡಿ ಕಸಿದುಕೊಂಡಂತೆಯೇ ಸರಿ.

ಕಾಲವನ್ನರಿತು ಕಟ್ಟುವುದು

ಬೇಸಾಯಕ್ಕೆ ಹದವಿರುವಂತೆ ಕಟ್ಟಡಕ್ಕೂ ಹದವಿರುತ್ತದೆ. ಹಣವು ಒಂದೇ ಗಂಟಿನಲ್ಲಿ ಬಾರದೆ, ತಳಪಾಯ, ಗೋಡೆ, ಚಾವಣಿ, ಮುಕ್ತಾಯ ಎಂಬ ಹಂತಗಳನ್ನನುಸರಿಸಿ ಕಂತುಗಳಾಗಿ ಬರುತ್ತದೆ. ಪ್ರತಿ ಹಂತದಲ್ಲಿಯೂ ಪಂಚಾಯತಿಯ ಸಿಬ್ಬಂದಿಯು ಸ್ಥಳಕ್ಕೆ ಬಂದು, ಸ್ಥಳದ ಗುರುತು ತಾನಾಗಿಯೇ ದಾಖಲಾಗುವ ಛಾಯಾಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಕಳುಹಿಸಿದ ಮೇಲೆಯೇ ಮುಂದಿನ ಕಂತು ಹೊರಡುವುದು. ಚಿತ್ರವು ಹದಿನೈದು ದಿನ ತಡವಾದರೆ ಕಂತು ಅದಕ್ಕಿಂತ ಹೆಚ್ಚು ತಡವಾಗಬಹುದು. ಅಷ್ಟರಲ್ಲಿ ಗಾರೆಯವನು ಬೇರೆ ಊರಿನ ಕೆಲಸ ಹಿಡಿಯುತ್ತಾನೆ, ಆಮೇಲೆ ಮಳೆ ಹಿಡಿಯುತ್ತದೆ.

ಇದಕ್ಕಾಗಿ ಈ ಕೆಳಗಿನ ಕ್ರಮವು ಕರ್ನಾಟಕದ ಬಹುಭಾಗಕ್ಕೆ ಒಪ್ಪುವುದು. ಕಾರ್ತಿಕ, ಮಾರ್ಗಶಿರ ಮಾಸಗಳಲ್ಲಿ ಕಲ್ಲು, ಮರಳು, ಇಟ್ಟಿಗೆಗಳನ್ನು ಒಟ್ಟುಮಾಡಿ ತಳಪಾಯವನ್ನು ಮುಗಿಸತಕ್ಕದ್ದು. ಸುಗ್ಗಿ ಮುಗಿದು ಕೈಕೆಲಸ ಕಡಿಮೆಯಾಗುವ ಪುಷ್ಯ, ಮಾಘಗಳಲ್ಲಿ ಗೋಡೆಯನ್ನೂ, ಫಾಲ್ಗುಣದಲ್ಲಿ ಚಾವಣಿಯನ್ನೂ ಮುಗಿಸಬೇಕು. ಬಾವಿ ಬತ್ತುವ ಮೊದಲೇ ಚಾವಣಿ ಬಿದ್ದರೆ ನೀರುಣಿಸುವುದು ಸುಲಭ. ಸಿಮೆಂಟಿನ ಕೆಲಸಕ್ಕೆ ಕನಿಷ್ಠ 7 ದಿನ, ಕಾಂಕ್ರೀಟಿನ ಚಾವಣಿಗೆ 14 ದಿನ ತೇವವಿರದಿದ್ದರೆ ಸುರಿದ ಹಣವು ಬಿರುಕಾಗಿ ಹೋಗುವುದು. ಚೈತ್ರ, ವೈಶಾಖಗಳಲ್ಲಿ ನೆಲ, ಗಿಲಾವು, ಶೌಚಗೃಹಗಳನ್ನು ಪೂರೈಸಿದರೆ ರೋಹಿಣಿ ಮಳೆಯ ಹೊತ್ತಿಗೆ ಕುಟುಂಬವು ಒಳಗಿರುತ್ತದೆ.

ಮಂಜೂರಾತಿಯು ಬೇಸಿಗೆಯ ಕೊನೆಗೆ ಬಂದಲ್ಲಿ ತಳಪಾಯವನ್ನಷ್ಟೇ ಹಾಕಿ ನಿಲ್ಲಿಸುವುದು ವಿವೇಕ. ಯಾವ ಸಂದರ್ಭದಲ್ಲಿಯೂ ಹೊಸ ಮನೆಗೆ ಸೂರು ಬೀಳುವ ಮೊದಲು ಹಳೆಯ ಗುಡಿಸಲನ್ನು ಕೀಳಿಸಬಾರದು. ಜಾಗವು ಅದೇ ಆಗಿದ್ದು ಕೀಳುವುದು ಅನಿವಾರ್ಯವಾದರೆ, ಕುಟುಂಬವು ಎಲ್ಲಿರುವುದೆಂಬುದನ್ನು ಗ್ರಾಮಮುಖ್ಯರು ಮೊದಲೇ ಗೊತ್ತುಮಾಡಬೇಕು. ಸಮುದಾಯಭವನದ ಒಂದು ಕೋಣೆಯೋ ಜಮೀನುದಾರರ ಕಣದ ಮನೆಯೋ ನಾಲ್ಕು ತಿಂಗಳ ಮಟ್ಟಿಗೆ ಒದಗಿದರೆ ಸಾಕು.

ಪಂಚಾಯತಿಯಲ್ಲಿ ಒಂದು ಸರಳವಾದ ಪುಸ್ತಕವನ್ನಿಡುವುದು ಬಹಳ ಉಪಯುಕ್ತ. ಅದರಲ್ಲಿ ಫಲಾನುಭವಿಯ ಹೆಸರು, ಹಂತ ಮುಗಿದ ದಿನ, ಚಿತ್ರ ತೆಗೆದ ದಿನ, ಹಣ ಬಂದ ದಿನ ಎಂದು ನಾಲ್ಕೇ ಕಲಮುಗಳಿರಲಿ. ಪ್ರತಿ ತಿಂಗಳೂ ಅದನ್ನು ಸಭೆಯಲ್ಲಿ ಓದಿದರೆ ಯಾವ ಮನೆ ಎಲ್ಲಿ ನಿಂತಿತು, ಯಾರ ಕಡೆಯಿಂದ ನಿಂತಿತು ಎಂಬುದು ಎಲ್ಲರಿಗೂ ತಿಳಿಯುವುದು. ತಡಕ್ಕೆ ಇದಕ್ಕಿಂತ ಒಳ್ಳೆಯ ಔಷಧವಿಲ್ಲ.

ಮಣ್ಣು ಮತ್ತು ಸಾಮಗ್ರಿ

ರೈತರು ಬಲ್ಲಂತೆ ಎರೆಭೂಮಿಯು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಹತ್ತಿಗೆ ಒಳ್ಳೆಯದಾದ ಈ ಗುಣವು ಗೋಡೆಗೆ ಕೆಟ್ಟದ್ದು. ಇಂತಹ ನೆಲದಲ್ಲಿ ಬಿರುಕುಗಳು ಇಳಿಯುವ ಆಳವನ್ನು ಮೀರಿ ಗುಂಡಿ ತೋಡಿ, ಎರೆಮಣ್ಣನ್ನು ಹೊರಹಾಕಿ, ಮೊರಮ್ಮನ್ನೋ ಮರಳನ್ನೋ ಪದರಪದರವಾಗಿ ನೀರು ಹಾಕಿ ಧಮ್ಮಸ್ಸು ಮಾಡಿ, ಆ ಮೇಲೆ ತಳಪಾಯವನ್ನು ಎಬ್ಬಿಸತಕ್ಕದ್ದು. ಮನೆಯ ಸುತ್ತಲೂ ನೀರು ನಿಲ್ಲದಂತೆ ಇಳಿಜಾರು ಮಾಡುವುದೂ ಅಷ್ಟೇ ಮುಖ್ಯ.

ಕೆಂಪು ಮರಳುಮಣ್ಣಿನ ಸೀಮೆಗಳಲ್ಲಿ ಸುಟ್ಟ ಇಟ್ಟಿಗೆಗೆ ಬದಲು ಸಿಮೆಂಟು ಬೆರೆಸಿ ಯಂತ್ರದಿಂದ ಒತ್ತಿದ ಮಣ್ಣಿನ ಇಟ್ಟಿಗೆಗಳನ್ನು ಬಳಸಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಪ್ರೊಫೆಸರ್ ಕೆ. ಎಸ್. ಜಗದೀಶರೂ ಅವರ ಸಹೋದ್ಯೋಗಿಗಳೂ ಈ ವಿಧಾನವನ್ನು ದೀರ್ಘಕಾಲ ಶೋಧಿಸಿ ಬಳಕೆಗೆ ತಂದರು. ಸಾಮಾನ್ಯವಾಗಿ 100 ಪಾಲು ಮಣ್ಣಿಗೆ 6ರಿಂದ 8 ಪಾಲು ಸಿಮೆಂಟು ಸಾಕಾಗುವುದು. ಮಣ್ಣು ತಕ್ಕದ್ದೋ ಅಲ್ಲವೋ ಎಂಬುದನ್ನು ಗಾಜಿನ ಸೀಸೆಯಲ್ಲಿ ನೀರಿನೊಡನೆ ಕುಲುಕಿ ಇಟ್ಟು ನೋಡಬಹುದು: ಮರಳು ಮೊದಲು ತಳಕ್ಕೆ ಕೂರುವುದು, ಜೇಡಿಯು ಕೊನೆಗೆ ಮೇಲೆ ನಿಲ್ಲುವುದು. ಜೇಡಿಯ ಪದರವು ದಪ್ಪವಾಗಿದ್ದರೆ ಮರಳನ್ನು ಬೆರೆಸಬೇಕು. ಎರೆಮಣ್ಣು ಈ ಕೆಲಸಕ್ಕೆ ಒದಗದು.

ಹತ್ತು ಮನೆಗಳವರು ಬಿಡಿಬಿಡಿಯಾಗಿ ಸಿಮೆಂಟು ಕೊಳ್ಳುವ ಬದಲು ಒಟ್ಟಾಗಿ ಕೊಂಡರೆ ಬೆಲೆಯೂ ಸಾಗಣೆಯೂ ಕಡಿಮೆಯಾಗುವುವು. ಜಮೀನುದಾರರು ತಮ್ಮ ಟ್ರಾಕ್ಟರನ್ನು ಎರಡು ದಿನ ಕೊಟ್ಟು, ಕೊಳವೆಬಾವಿಯ ನೀರನ್ನು ಹದಿನೈದು ದಿನ ಬಿಟ್ಟರೆ ಅದೇ ಸಾವಿರಾರು ರೂಪಾಯಿಗಳ ಸಹಾಯವಾಗುವುದು.

ಸಾಲದ ಅಪಾಯ

ಸರಕಾರದ ಮೊಬಲಗಿಗೆ ಮೀರಿದ ವೆಚ್ಚವನ್ನು ಬಡವನು ಎಲ್ಲಿಂದ ತರುವನು? ಬೇಕಾದವರಿಗೆ 70,000 ರೂಪಾಯಿಗಳವರೆಗೆ ಬ್ಯಾಂಕಿನಿಂದ ಸಾಲ ಕೊಡಿಸಲು ಯೋಜನೆಯಲ್ಲಿ ಅವಕಾಶವಿದೆ. ಸ್ತ್ರೀಶಕ್ತಿ ಸಂಘಗಳಿಂದಲೂ ಸ್ವಲ್ಪ ಒದಗಬಹುದು. ಇವೆರಡೂ ದೊರೆಯದವನು ಖಾಸಗಿ ಸಾಲಕ್ಕೆ ಕೈಯೊಡ್ಡುತ್ತಾನೆ, ಇಲ್ಲವೆ ಯಜಮಾನನಿಂದ ಮುಂಗಡ ಪಡೆದು ಅದು ತೀರುವವರೆಗೆ ಅವನಲ್ಲಿಯೇ ದುಡಿಯುವೆನೆಂದು ಒಪ್ಪುತ್ತಾನೆ. ಇಂತಹ ಒಪ್ಪಂದವು 1976ರ ಜೀತಪದ್ಧತಿ ನಿರ್ಮೂಲನಾ ಕಾಯಿದೆಗೆ ವಿರುದ್ಧವಾದುದು. ಕೊಟ್ಟವನು ಶಿಕ್ಷೆಗೆ ಗುರಿಯಾಗುವನು. ಜೀತದಿಂದ ಬಿಡುಗಡೆಯಾದವರಿಗೆಂದು ಒಮ್ಮೆ ಆರಂಭವಾದ ಮನೆಯ ಯೋಜನೆಯೇ ಮತ್ತೊಬ್ಬನನ್ನು ಜೀತಕ್ಕೆ ತಳ್ಳುವಂತಾದರೆ ಅದಕ್ಕಿಂತ ವಿಪರೀತ ಬೇರೊಂದಿಲ್ಲ. ಸಹಾಯ ಮಾಡುವ ಮನಸ್ಸುಳ್ಳ ಜಮೀನುದಾರರು ಮುಂಗಡವನ್ನು ಕೊಡುವ ಬದಲು ಕೂಲಿಯನ್ನು ಸಕಾಲದಲ್ಲಿ ಪೂರ್ಣವಾಗಿ ಕೊಡುವುದೂ ಬ್ಯಾಂಕಿನವರಲ್ಲಿ ಮಾತನಾಡಿ ಸಾಲ ಕೊಡಿಸುವುದೂ ಮೇಲು.

ಬೇಸಾಯಕ್ಕೆ ಒಪ್ಪುವ ಮನೆ

2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಅತಿವೃಷ್ಟಿಗೆ ಮಣ್ಣಿನ ಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳು ಬಹು ಸಂಖ್ಯೆಯಲ್ಲಿ ಕುಸಿದುವು. ಅನಂತರ ಆಸರೆ ಎಂಬ ಯೋಜನೆಯಲ್ಲಿ ಹೊಸ ಜಾಗಗಳಲ್ಲಿ ಗ್ರಾಮಗಳನ್ನು ಕಟ್ಟಲಾಯಿತು. ಆದರೆ ಹೊಸ ಊರು ಹೊಲಗಳಿಗೆ ದೂರವಾಗಿದ್ದೆಡೆ, ದನ ಕಟ್ಟಲು ಸ್ಥಳವಿಲ್ಲದೆಡೆ, ಕೆಲವರು ಹಳೆಯ ಊರಿಗೇ ಮರಳಿದರು. ಹೊಸ ಮನೆಗಳು ಬೀಗ ಹಾಕಿಕೊಂಡು ನಿಂತುವು. ಬೇಸಾಯಗಾರನ ಮನೆಯೆಂದರೆ ನಾಲ್ಕು ಗೋಡೆ ಮಾತ್ರವಲ್ಲ. ಎರಡು ದನಕ್ಕೆ ಗೂಟ, ಸೌದೆಗೂ ಮೇವಿಗೂ ಒಂದು ಮೂಲೆ, ಊರ ಗಾಳಿಗೆ ಮರೆಯಾದ ಕಡೆ ತಿಪ್ಪೆಗುಂಡಿ, ಹೊಗೆ ಹೊರಹೋಗುವ ಒಲೆ, ಕಾಳು ನೆನೆಯದಂತೆ ಎತ್ತರದ ಒಂದು ಅಟ್ಟ ಇವಿಷ್ಟೂ ಸೇರಿದರೆ ಅದು ಮನೆ. ನಿವೇಶನಗಳನ್ನು ಅಳೆಯುವಾಗಲೇ ಇವಕ್ಕೆ ಎಡೆ ಬಿಡಿಸುವುದು ಸುಲಭ. ಕಟ್ಟಿದ ಮೇಲೆ ಅಸಾಧ್ಯ.

ಸಮಾಪ್ತಿ

ಸರಕಾರವು ಹಣವನ್ನು ಕಳುಹಿಸಬಲ್ಲದು. ಪಟ್ಟಿಯ ನ್ಯಾಯವನ್ನೂ ಊರ ನೆಲವನ್ನೂ ಬಾವಿಯ ನೀರನ್ನೂ ಮಳೆಗೆ ಮುಂಚಿನ ಎಚ್ಚರವನ್ನೂ ಕಳುಹಿಸಲಾರದು. ಇವು ಗ್ರಾಮದಲ್ಲಿಯೇ ಹುಟ್ಟಬೇಕಾದವು. ಪ್ರತಿ ಗ್ರಾಮದ ಮುಖ್ಯರು ಈ ತಿಂಗಳಲ್ಲಿಯೇ ಊರನ್ನೊಮ್ಮೆ ಸುತ್ತಿ, ಅರ್ಧಕ್ಕೆ ನಿಂತ ಮನೆಗಳನ್ನು ಎಣಿಸಿ, ಒಂದೊಂದಕ್ಕೂ ಏನು ಕೊರತೆಯೆಂದು ಬರೆದುಕೊಳ್ಳಲಿ. ಒಂದಕ್ಕೆ ಛಾಯಾಚಿತ್ರ ಕೊರತೆಯಾಗಿರಬಹುದು, ಮತ್ತೊಂದಕ್ಕೆ ಎರಡು ಗಾಡಿ ಮರಳು, ಇನ್ನೊಂದಕ್ಕೆ ನಾಲ್ಕು ದಿನದ ಗಾರೆಯವನು. ಹೊಸ ಮಂಜೂರಾತಿಗಳಿಗಾಗಿ ಅರ್ಜಿ ಬರೆಯುವುದಕ್ಕೆ ಮೊದಲು ಈ ಗೋಡೆಗಳ ಮೇಲೆ ಸೂರು ಕೂರಿಸುವುದೇ ಗ್ರಾಮಕ್ಕೆ ಗೌರವವಾದ ಕೆಲಸವಾಗಿರುತ್ತದೆ.